‘ಹಿಂದೆ ಹೋಗು’ ಅಂದರೆ ಎಲ್ಲಿಗೆ?

ಅಕ್ಟೋಬರ್ ಬಂತೆಂದರೆ ಊರಿನ ನೆಂಟರೆಲ್ಲ ನಮ್ಮ ಪೆನ್ಸಿಲ್ವೇನಿಯಾದ ಮರಗಳ ಫೋಟೋ ಕೇಳುತ್ತಾರೆ. ಕೆಂಪು, ಹಳದಿ, ಕಿತ್ತಳೆ, ನೋಡೋಕೆ ಚೆಂದವೇ. ಮೂರು ವಾರ ಕಳೆದರೆ ಆ ಚೆಂದವೆಲ್ಲ ನೆಲದ ಮೇಲಿರುತ್ತದೆ. ಮೇಪಲ್ ಉದುರಿಸಿ ಮುಗಿಸುವಷ್ಟರಲ್ಲಿ ಓಕ್ ಶುರು ಮಾಡುತ್ತದೆ. ಎಲೆ ದಪ್ಪಗೆ ಬಿದ್ದಲ್ಲೇ ಬಿಟ್ಟರೆ ಅಡಿಯ ಹುಲ್ಲಿಗೆ ಬೆಳಕು ಸಿಗದೆ ಕೊಳೆಯುತ್ತದೆ. ನಮ್ಮದು ಒಂದೂವರೆ ಎಕರೆ. ಎರಡು ವರ್ಷ ಕೈಯಲ್ಲೇ ಗೋರಿ ಭುಜ ಕಳೆದುಕೊಂಡ ಮೇಲೆ, ಈ ಸಲ ಮೋವರ್ ಹಿಂದೆ ಕಟ್ಟಿ ಎಳೆಯುವ ಲೀಫ್ ವ್ಯಾಕ್ಯೂಮ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಅದರ ದಪ್ಪ ಪೈಪು ನೋಡಿ ಆರು ವರ್ಷದ ಮಗಳು ‘ಆನೆ’ ಅಂತ ಹೆಸರಿಟ್ಟಳು.

ಈ ಆನೆ ಕೆಲಸ ಮಾಡೋದು ಸರಳವಾಗಿ. ನಾವು ಕೂತು ಓಡಿಸುವ ಮೋವರ್‌ನ ಬ್ಲೇಡುಗಳು ಎಲೆಯನ್ನು ಎತ್ತಿ, ಕತ್ತರಿಸಿ, ಪಕ್ಕದ ಬಾಯಿಯಿಂದ ಹೊರಗೆ ಎಸೆಯುತ್ತವೆ. ಆ ಬಾಯಿಗೆ ಒಂದು ಅಡಾಪ್ಟರ್ ಕೂರಿಸಿ ಪೈಪು ಸಿಕ್ಕಿಸುತ್ತೇವೆ. ಹಿಂದಿನ ಗಾಡಿಯ ಮೇಲೆ ಬೇರೆಯದೇ ಎಂಜಿನ್ನಿನ ಬ್ಲೋವರ್ ಇದೆ. ಅದು ಎಲೆಯನ್ನು ಎಳೆದುಕೊಂಡು, ಇನ್ನಷ್ಟು ಪುಡಿ ಮಾಡಿ ಪೆಟ್ಟಿಗೆಗೆ ತುಂಬುತ್ತದೆ. ಗುಡ್ಡದಷ್ಟಿದ್ದ ಎಲೆ ಗುಡ್ಡೆಯಷ್ಟಾಗುತ್ತದೆ.

ಜೋಡಿಸುವಾಗ ನಾನು ಕಲಿತದ್ದು ಇಷ್ಟು. ಮಟ್ಟಸವಾದ ಜಾಗದಲ್ಲಿ, ಮೋವರ್ ಕೀ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆ ಕೆಲಸ ಶುರು ಮಾಡಿ. ಹಿಚ್ ಪಿನ್ ಹಾಕಿದರೆ ಸಾಲದು, ಅದು ಜಾರದಂತೆ ಕ್ಲಿಪ್ಪೂ ಹಾಕಬೇಕು. ಅಡಾಪ್ಟರ್‌ಗೆ ತೂತು ಕೊರೆಯಬೇಕಾಗಿ ಬಂದರೆ, ಬೋಲ್ಟ್ ಒಳಗೆ ಬ್ಲೇಡಿಗೆ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಪೈಪಿನ ಉದ್ದ ನೋಡಲು ಬ್ಲೇಡ್ ಆಫ್ ಇಟ್ಟು ಎರಡೂ ಕಡೆಗೆ ನಿಧಾನವಾಗಿ ಒಂದೊಂದು ತಿರುವು ಹಾಕಿ. ಗಿಡ್ಡವಾದರೆ ತಿರುವಿನಲ್ಲಿ ಕಳಚಿಕೊಳ್ಳುತ್ತದೆ, ಉದ್ದವಾದರೆ ಜೋಲು ಬಿದ್ದು ಅಲ್ಲೇ ಎಲೆ ಕಟ್ಟಿಕೊಳ್ಳುತ್ತದೆ.

ಓಡಿಸುವಾಗ ಡೆಕ್ ಎತ್ತರಕ್ಕಿರಲಿ, ಎಂಜಿನ್ ಜೋರಾಗಿರಲಿ, ಗಾಡಿ ನಿಧಾನವಾಗಿರಲಿ. ಇಬ್ಬನಿ ಆರಿದ ಮೇಲೆಯೇ ಹೊರಡಿ, ಒದ್ದೆ ಎಲೆ ಪೈಪಿನಲ್ಲಿ ಮುದ್ದೆಯಾಗುತ್ತದೆ. ಪೆಟ್ಟಿಗೆ ತುಂಬಿದ ಗಾಡಿ ಇಳಿಜಾರಿನಲ್ಲಿ ಮೋವರನ್ನೇ ತಳ್ಳುತ್ತದೆ, ಅಂಥ ಜಾಗ ಬಿಟ್ಟುಬಿಡಿ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಧೂಳಿಗೆ ಮಾಸ್ಕ್ ಬೇಕೇ ಬೇಕು. ಬಿಸಿ ಸೈಲೆನ್ಸರ್ ಸುತ್ತ ಒಣ ಎಲೆ ಸೇರಿಕೊಂಡರೆ ಬೆಂಕಿ ಹತ್ತಬಹುದು. ಆಗಾಗ ಎಂಜಿನ್ ನಿಲ್ಲಿಸಿ, ಆರಲು ಬಿಟ್ಟು, ಎಲೆ ತೆಗೆಯಿರಿ. ಪೈಪು ಕಟ್ಟಿಕೊಂಡರೆ ಎರಡೂ ಎಂಜಿನ್ ಆಫ್ ಮಾಡಿ, ಎಲ್ಲ ತಿರುಗುವುದು ನಿಂತ ಮೇಲೆ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು, ಕೋಲಿನಿಂದ ಬಿಡಿಸಿ. ಕೈ ಹಾಕಬೇಡಿ.

ಇದೆಲ್ಲ ಗೊತ್ತಿದ್ದೂ ಎರಡನೇ ಶನಿವಾರ ನಾನು ತಪ್ಪಿದೆ.

ಬೇಲಿಯ ಮೂಲೆಯಲ್ಲಿ ತಿರುಗಲು ಜಾಗ ಸಾಲದೆ ರಿವರ್ಸ್ ತೆಗೆಯಬೇಕಾಯಿತು. ಅದೇ ಹೊತ್ತಿಗೆ ಮಗಳು ನನಗೆ ನೀರಿನ ಬಾಟಲಿ ಹಿಡಿದು ಬಂದು ಪಕ್ಕದಲ್ಲಿ ನಿಂತಿದ್ದಳು. ಬ್ಲೇಡ್ ಆಫ್ ಮಾಡಿದೆ, ಎಂಜಿನ್ ಓಡುತ್ತಲೇ ಇತ್ತು. ಕಿವಿಯ ಮಫ್ ಒಂದು ಕಡೆ ಎತ್ತಿ, “ಹಿಂದೆ ಹೋಗು!” ಅಂತ ಕೂಗಿದೆ. ಅವಳು ತಲೆಯಾಡಿಸಿ ಹೋದಳು. ರಿವರ್ಸ್ ಹಾಕುವ ಮುಂಚೆ ಎರಡೂ ಕಡೆ ನೋಡಿದೆ. ಎಲ್ಲೂ ಕಾಣಲಿಲ್ಲ. ಮನೆಯ ಕಡೆ ಓಡುತ್ತಿರುವವಳೂ ಕಾಣಲಿಲ್ಲ. ಏನೋ ಸರಿಯಿಲ್ಲ ಅನ್ನಿಸಿ ಕೀ ತಿರುಗಿಸಿ ನಿಲ್ಲಿಸಿದೆ.

ಪೆಟ್ಟಿಗೆಯ ಹಿಂದಿನಿಂದ ದನಿ ಬಂತು: “ಅಮ್ಮಾ, ಹಿಂದೆ ಬಂದೆ!”

ಅವಳಿಗಿಂತ ಎತ್ತರದ ಪೆಟ್ಟಿಗೆ. ಅದರ ಬೆನ್ನಿಗೇ ನಿಂತಿದ್ದಳು. ಕೆಳಗಿಳಿದು ಅವಳನ್ನು ಎಳೆದುಕೊಂಡಾಗ ನನ್ನ ಕೈ ನಡುಗುತ್ತಿತ್ತು. ಗದರಿದೆ. ಅವಳಿಗೆ ಅರ್ಥವೇ ಆಗಲಿಲ್ಲ. “ನೀನೇ ಹೇಳಿದ್ದು. ಐ ವೆಂಟ್ ಹಿಂದೆ” ಅಂದಳು.

ರಾತ್ರಿ ಗಂಡ ಹೇಳಿದ್ದು: “ಇಂಥ ಹೊತ್ತಲ್ಲಾದರೂ ಇಂಗ್ಲಿಷಿನಲ್ಲೇ ಹೇಳಿಬಿಡು.” ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ. ಊಟಕ್ಕೆ, ಕಥೆಗೆ ಕನ್ನಡ. ಅಪಾಯಕ್ಕೆ ಇಂಗ್ಲಿಷ್. ನಾನೂ ಒಂದು ಗಳಿಗೆ ಒಪ್ಪಿದೆ. ಆದರೆ ‘ಗೋ ಬ್ಯಾಕ್’ ಅಂದಿದ್ದರೂ ಅವಳು ಅಲ್ಲಿಗೇ ಹೋಗಬಹುದಿತ್ತು. ಬಾಗಿಲ ಹಿಂದೆ, ಮನೆ ಹಿಂದೆ, ಸೋಫಾ ಹಿಂದೆ: ಅವಳು ದಿನಾ ಕೇಳುವ ‘ಹಿಂದೆ’ ಇದು. ‘ದೂರ ಸರಿ’ ಅನ್ನುವ ‘ಹಿಂದೆ’ಯನ್ನು ದೊಡ್ಡವರು ಸಂದರ್ಭ ನೋಡಿ ಊಹಿಸಿಕೊಳ್ಳುತ್ತೇವೆ. ಅವಳ ಕನ್ನಡ ಸರಿಯಾಗಿಯೇ ಇತ್ತು. ನಾನು ಹೇಳಿದ್ದು ಅರೆಬರೆಯಾಗಿತ್ತು.

ಅದಕ್ಕಿಂತ ದೊಡ್ಡ ತಪ್ಪು, ಎಂಜಿನ್ ಓಡುವಾಗ ಅವಳು ಅಂಗಳದಲ್ಲಿದ್ದದ್ದು. ತಳ್ಳುವ ಮೋವರ್ ಮುಟ್ಟಲು ಕನಿಷ್ಠ 12 ವರ್ಷ, ಕೂತು ಓಡಿಸುವುದಕ್ಕೆ 16 ವರ್ಷ ಆಗಿರಬೇಕು ಅನ್ನುವುದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ ಸಲಹೆ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕಿಸುವುದೂ ಕೂಡದು. ಯಾವ ಭಾಷೆಯಲ್ಲಿ ಕೂಗಿದರೂ ಅದು ಆಫ್ ಆದ ಎಂಜಿನ್ನಿಗೆ ಸಮ ಅಲ್ಲ.

ಈಗ ಮನೆಯಲ್ಲಿ ಮೂರು ನಿಯಮ. ಕೀ ಮೋವರ್‌ನಲ್ಲಿದ್ದರೆ ಮಗಳು ಇನ್ನೊಬ್ಬರ ಜೊತೆ ಮನೆಯೊಳಗೆ. ನಾನು ಬೇಕಿದ್ದರೆ ಅವರು ಮುಂಬಾಗಿಲ ದೀಪ ಹಾಕಿ ಆರಿಸುತ್ತಾರೆ, ನಾನು ಎಂಜಿನ್ ನಿಲ್ಲಿಸುತ್ತೇನೆ. ಎರಡು, ಎಚ್ಚರಿಕೆ ಹೇಳುವಾಗ ದಿಕ್ಕು ಹೇಳುವುದಿಲ್ಲ, ಜಾಗ ಹೇಳುತ್ತೇವೆ: “ಮೆಟ್ಟಿಲ ಮೇಲೆ ಕೂತ್ಕೋ.” “ನಿಲ್ಲು” ಅನ್ನುವ ಮಾತನ್ನು ಆಟಕ್ಕೆ ಬಳಸುವುದಿಲ್ಲ. ಮೂರು, “ಅರ್ಥ ಆಯ್ತಾ?” ಅಂತ ಕೇಳುವುದಿಲ್ಲ. ಅದಕ್ಕೆ ಯಾವಾಗಲೂ “ಹೂಂ” ಅಂತಲೇ ಉತ್ತರ. “ಈಗ ಎಲ್ಲಿಗೆ ಹೋಗ್ತೀಯ?” ಅಂತ ಕೇಳಿದರೆ ಮಗು ಕೇಳಿಸಿಕೊಂಡದ್ದೇನು ಅಂತ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳ ಜೊತೆ ಇದು ಇನ್ನೂ ಮುಖ್ಯ. ಕನ್ನಡ ‘ಅರ್ಥ ಆಗುತ್ತೆ’ ಅಂತ ನಾವು ಅಂದುಕೊಂಡಿರುತ್ತೇವೆ. ಎಷ್ಟು ಅಂತ ಪರೀಕ್ಷಿಸಿರುವುದಿಲ್ಲ.

ಹಾಗಂತ ಅವಳಿಗೆ ಕೆಲಸ ತಪ್ಪಿಲ್ಲ. ಹೊರಡುವ ಮುಂಚೆ ಕಡ್ಡಿ, ಕಲ್ಲು, ಮರೆತ ಚೆಂಡು ಆರಿಸುವುದು ಅವಳ ಪಾಲು. ಬ್ಲೇಡಿಗೆ ಸಿಕ್ಕರೆ ಅವು ಗುಂಡಿನಂತೆ ಹಾರುತ್ತವೆ ಅಂತ ಅವಳಿಗೂ ಗೊತ್ತು. ಎಣಿಕೆ ಕನ್ನಡದಲ್ಲಿ, ಮೊನ್ನೆ ನಲವತ್ಮೂರಕ್ಕೆ ನಿಂತಿತು. ಕೆಲಸ ಮುಗಿದು ಎಂಜಿನ್ ಆರಿದ ಮೇಲೆ ಪುಡಿ ಎಲೆಯನ್ನು ಗೊಬ್ಬರದ ತೊಟ್ಟಿಗೆ ಹಾಕುತ್ತೇವೆ. ಮೂರು ಪಾಲು ಎಲೆಗೆ ಒಂದು ಪಾಲು ತರಕಾರಿ ಸಿಪ್ಪೆ, ಹಿಂಡಿದ ಬಟ್ಟೆಯಷ್ಟು ತೇವ. ತೀರ್ಥಹಳ್ಳಿಯಿಂದ ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿದ ನಮ್ಮಮ್ಮ, “ದರಗು ಅಂತೀವಿ ಪುಟ್ಟಿ ಇದಕ್ಕೆ. ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡ್ತಿದ್ವಿ” ಅಂದರು. ಈಗ ಶನಿವಾರ ಬೆಳಿಗ್ಗೆ ಮೊದಲ ಪ್ರಶ್ನೆ, “ಅಮ್ಮಾ, ದರಗು ಒಣಗಿದ್ಯಾ?”

ಈ ವಾರ ನೀವೂ ಒಂದು ಕೆಲಸ ಮಾಡಿ. ಒಲೆಯ ಹತ್ತಿರ, ರಸ್ತೆಯಲ್ಲಿ, ಕಾರಿನ ಬಾಗಿಲ ಬಳಿ ಮಕ್ಕಳಿಗೆ ಹೇಳುವ ಎಚ್ಚರಿಕೆಯ ಮಾತುಗಳನ್ನು ಬರೆದಿಟ್ಟುಕೊಳ್ಳಿ. ‘ಆ ಕಡೆ ಹೋಗು’, ‘ಸರಿ’, ‘ಹುಷಾರು’. ಎಲ್ಲರೂ ಆರಾಮಾಗಿರುವಾಗ ಒಂದೊಂದನ್ನೇ ಹೇಳಿ, ಮಗು ಏನು ಮಾಡುತ್ತದೆ ನೋಡಿ. ‘ಸರಿ’ ಅಂದಾಗ ಸರಿದು ನಿಲ್ಲದೆ “ಓಕೆ” ಅಂದರೆ, ಆ ಮಾತನ್ನು ಇವತ್ತೇ ಬದಲಾಯಿಸಿ.