ಹೆಸರಿಗೆ ನಾಗರಿಕ, ಸೀಟಿಗೆ ವಿದೇಶಿ

ಕತ್ರಿಗುಪ್ಪೆಯಲ್ಲಿ ನಾನು ವಾಸವಿರುವ ಬೀದಿಯಲ್ಲಿ ಮಕ್ಕಳೋ ಮೊಮ್ಮಕ್ಕಳೋ ವಿದೇಶದಲ್ಲಿಲ್ಲದ ಮನೆಗಳು ಕಡಿಮೆ. ನಾನು ವಕೀಲನಾದ್ದರಿಂದ ಬೆಳಗಿನ ವಾಯುವಿಹಾರದಲ್ಲಿ ಎದುರಾಗುವವರೆಲ್ಲ ಕೇಳುವುದು ವೀಸಾ, ಪಾಸ್‌ಪೋರ್ಟುಗಳ ವಿಚಾರವನ್ನೇ. ಹೆಚ್ಚಿನ ಪ್ರಶ್ನೆಗಳಿಗೆ ಎರಡು ಮಾತಿನಲ್ಲಿ ಉತ್ತರಿಸಬಹುದು. ಕಳೆದ ತಿಂಗಳು ನೆರೆಮನೆಯ ನಿವೃತ್ತ ಅಧ್ಯಾಪಕರು ಕೇಳಿದ ಪ್ರಶ್ನೆಗೆ ಮಾತ್ರ ಹಾಗೆ ಉತ್ತರಿಸಲಾಗಲಿಲ್ಲ.

ಅವರ ಮೊಮ್ಮಗಳು ಹುಟ್ಟಿದ್ದು ಅಮೆರಿಕದಲ್ಲಿ. ತಂದೆತಾಯಿ ಇಬ್ಬರೂ ಇಂದಿಗೂ ಭಾರತದ ಪ್ರಜೆಗಳೇ. 2022ರಲ್ಲಿ ಕುಟುಂಬ ಬೆಂಗಳೂರಿಗೆ ಮರಳಿತು. ಮಗುವಿಗೆ ‘ಸಾಗರೋತ್ತರ ಭಾರತೀಯ ನಾಗರಿಕ’ ಎಂಬ ಒಸಿಐ ಕಾರ್ಡು ದೊರೆತದ್ದೂ ಅದೇ ವರ್ಷ. ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಕನ್ನಡವನ್ನು ಚೆನ್ನಾಗಿ ಓದಿ ಬರೆಯುತ್ತಾಳೆ, ವೈದ್ಯೆಯಾಗುವ ಆಸೆ. "ಕಾರ್ಡಿನಲ್ಲಿ ನಾಗರಿಕ ಎಂದೇ ಇದೆಯಲ್ಲ ಸ್ವಾಮಿ, ನೀಟ್ ಬರೆಯಲು ಅಡ್ಡಿಯಿಲ್ಲ ತಾನೆ?" ಎಂದರು ಅಜ್ಜ. ಪರೀಕ್ಷೆಗೆ ಅಡ್ಡಿಯಿಲ್ಲ, ಅಡ್ಡಿಯಿರುವುದು ಸೀಟಿಗೆ ಎಂದು ನಾನು ಹೇಳಬೇಕಾಯಿತು.

ನಮ್ಮ ಕಾನೂನು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದವರು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. 2003 ಮತ್ತು 2005ರ ತಿದ್ದುಪಡಿಗಳ ಮೂಲಕ ಬಂದ ಒಸಿಐ ವ್ಯವಸ್ಥೆಯನ್ನು ಇಬ್ಬಗೆಯ ಪೌರತ್ವವೆಂದೇ ಹಲವರು ಸಂಭ್ರಮಿಸಿದರು. ವಾಸ್ತವದಲ್ಲಿ ಅದು ಜೀವನಪರ್ಯಂತದ ವೀಸಾ. ಕಾರ್ಡುದಾರರಿಗೆ ಮತದಾನದ ಹಕ್ಕಿಲ್ಲ. ಅವರು ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ಕಾಯ್ದೆಯ 7ಬಿ ಕಲಮಿನಂತೆ, ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಯಾವ ಹಕ್ಕುಗಳನ್ನು ಸೂಚಿಸುತ್ತದೆಯೋ ಅವು ಮಾತ್ರ ಅವರಿಗೆ ಲಭ್ಯ.

ಅಧಿಸೂಚನೆ ಬದಲಾದರೆ ಹಕ್ಕೂ ಬದಲಾಗುತ್ತದೆ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಒಸಿಐ ವಿದ್ಯಾರ್ಥಿಗಳನ್ನು ಭಾರತೀಯ ವಿದ್ಯಾರ್ಥಿಗಳಂತೆಯೇ ಪರಿಗಣಿಸಬೇಕೆಂದು ಕರ್ನಾಟಕ ಹೈಕೋರ್ಟು 2020ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಮೂರು ತಿಂಗಳೂ ತುಂಬುವ ಮೊದಲೇ, 2021ರ ಮಾರ್ಚ್ 4ರಂದು, ಕೇಂದ್ರ ಸರ್ಕಾರ ಹೊಸ ಅಧಿಸೂಚನೆ ಹೊರಡಿಸಿತು: ಕಾರ್ಡುದಾರರು ವಿದೇಶಿಯರು, ನೀಟ್, ಜೆಇಇ ಬರೆದರೂ ಅವರಿಗೆ ಎನ್‌ಆರ್‌ಐ ಅಥವಾ ಹೆಚ್ಚುವರಿ ಸೀಟು ಮಾತ್ರ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಆ ದಿನಾಂಕಕ್ಕಿಂತ ಮೊದಲು ಕಾರ್ಡು ಪಡೆದವರಿಗೆ ಈ ನಿರ್ಬಂಧ ಅನ್ವಯಿಸದೆಂದು ಹೇಳಿ ಅವರನ್ನು ಕಾಪಾಡಿತು. ನಮ್ಮ ಅಧ್ಯಾಪಕರ ಮೊಮ್ಮಗಳ ಕಾರ್ಡು ಅದರ ನಂತರದ್ದು. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಒಸಿಐ ಮಕ್ಕಳಲ್ಲಿ ಒಬ್ಬರಿಗೆ ಸಾಮಾನ್ಯ ಸೀಟು, ಇನ್ನೊಬ್ಬರಿಗೆ ಮಧ್ಯಮ ವರ್ಗದ ಕೈಗೆಟುಕದ ಶುಲ್ಕದ ಎನ್‌ಆರ್‌ಐ ಸೀಟು. ವ್ಯತ್ಯಾಸ ಕಾರ್ಡಿನ ಮೇಲಿನ ದಿನಾಂಕದ್ದು.

ಸರ್ಕಾರದ ವಾದವನ್ನು ತಳ್ಳಿಹಾಕುವಂತಿಲ್ಲ. ವೈದ್ಯಕೀಯ ಸೀಟುಗಳು ಕಡಿಮೆ. ವಿದೇಶದಲ್ಲೇ ಬೆಳೆದವರು ಅವುಗಳಲ್ಲಿ ಪಾಲು ಕೇಳುವುದು ಇಲ್ಲಿನ ಬಡ ವಿದ್ಯಾರ್ಥಿಗೆ ಅನ್ಯಾಯವೇ. ಆದರೆ ವರ್ಷಗಟ್ಟಲೆ ಇಲ್ಲಿಯೇ ಓದಿದ ಮಗುವನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಹುಟ್ಟುವ ಊರನ್ನು ಮಗು ಆರಿಸಿಕೊಳ್ಳಲಿಲ್ಲ. ಇಲ್ಲಿ ಇಂತಿಷ್ಟು ವರ್ಷ ವ್ಯಾಸಂಗ ಮಾಡಿದ ಕಾರ್ಡುದಾರರಿಗೆ ಸಮಾನ ಅವಕಾಶವೆಂದು ಸಂಸತ್ತು ಕಾಯ್ದೆಯಲ್ಲಿಯೇ ಬರೆಯಬೇಕು. ಶಿಕ್ಷಣದಂಥ ವಿಷಯ ಒಂದು ರಾಜ್ಯಪತ್ರದ ಪುಟದಿಂದ ತಲೆಕೆಳಗಾಗಬಾರದು.

ಅಲ್ಲಿಯವರೆಗೆ ಪೋಷಕರು ಎಚ್ಚರ ವಹಿಸಬೇಕು. ತಂದೆತಾಯಿ ಭಾರತದ ಪ್ರಜೆಗಳಾಗಿದ್ದರೆ, ಮಗು ಅಪ್ರಾಪ್ತವಾಗಿರುವಾಗಲೇ ಕಾಯ್ದೆಯ 5ನೇ ಕಲಮಿನಡಿ ನೋಂದಣಿಯ ಮೂಲಕ ಪೌರತ್ವಕ್ಕೆ ಅರ್ಜಿ ಸಲ್ಲಿಸಬಹುದು. ಅದು ಸರಳ ನಿರ್ಧಾರವಲ್ಲ. ಕೊನೆಗೆ ಎರಡು ದೇಶಗಳಲ್ಲಿ ಒಂದನ್ನು ಬಿಡಲೇಬೇಕು. ಅಮೆರಿಕದ ಪೌರತ್ವವನ್ನು ಮಗುವಿನ ಪರವಾಗಿ ತಂದೆತಾಯಿ ತ್ಯಜಿಸಲು ಅಲ್ಲಿನ ಕಾನೂನು ಬಿಡುವುದಿಲ್ಲ. ಆದ್ದರಿಂದ ಈ ಚರ್ಚೆ ದ್ವಿತೀಯ ಪಿಯುಸಿಯ ಫಲಿತಾಂಶದ ದಿನ ಆರಂಭವಾಗತಕ್ಕದ್ದಲ್ಲ.

ಎಲ್ಲವನ್ನೂ ಕೇಳಿಸಿಕೊಂಡ ಅಧ್ಯಾಪಕರು, "ಅವಳನ್ನೂ ಕೂರಿಸಿಕೊಂಡು ಮಾತಾಡಬೇಕು, ಅಲ್ಲವೇ?" ಎಂದರು. ಹೌದೆಂದೆ. ಅವಳಿಗಿನ್ನೂ ಮೂರು ವರ್ಷಗಳ ಕಾಲಾವಕಾಶವಿದೆ.