ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು

ನಮ್ಮ ಹೆಚ್ಚಿನ ಮಸೀದಿಗಳ ಗೋಡೆಯಲ್ಲಿ ಒಂದು ಫಲಕವಿರುತ್ತದೆ: ಮೊಬೈಲ್ ಸ್ವಿಚ್ ಆಫ್ ಮಾಡಿರಿ. ನಮಾಝ್ ಆರಂಭವಾಗುವ ಮುನ್ನ ಇಮಾಮರೂ ಅದನ್ನು ನೆನಪಿಸುತ್ತಾರೆ. ಯಾರದಾದರೂ ಫೋನು ನಡುವೆ ರಿಂಗಣಿಸಿತೆಂದರೆ ಸಲಾಮ್ ಹೇಳಿದ ಕೂಡಲೇ ಹತ್ತು ಮಂದಿ ಅವರತ್ತ ತಿರುಗಿ ನೋಡುತ್ತಾರೆ. ಇದು ಸರಿಯೇ. ಆದರೆ ಮೊಬೈಲಿನ ಕುರಿತು ನಮ್ಮ ಸಮುದಾಯವು ಒಮ್ಮತದಿಂದ ಹೇಳಿರುವ ಮಾತು ಬಹುಶಃ ಇದೊಂದೇ. ಮಸೀದಿಯ ಮೆಟ್ಟಿಲಿಳಿದು ಅದೇ ಫೋನನ್ನು ಮತ್ತೆ ಆನ್ ಮಾಡಿದ ಬಳಿಕ ಅದನ್ನು ಹೇಗೆ ಬಳಸಬೇಕು, ಅದರ ಮೂಲಕ ಮನೆಯೊಳಗೆ ಬರಬಹುದಾದ ಅಪಾಯವನ್ನು ಹೇಗೆ ತಡೆಯಬೇಕು ಎಂಬುದನ್ನು ಹೇಳಿಕೊಡುವವರು ಯಾರು?

ಎರಡು ದಶಕಗಳ ಹಿಂದೆ ಮೊಬೈಲೆಂದರೆ ಮಾತಾಡುವ ಸಾಧನವಾಗಿತ್ತು. ಇಂದು ಕೊಲ್ಲಿಯಲ್ಲಿ ಬೆವರು ಸುರಿಸುವ ಮಗ ಕಳುಹಿಸಿದ ಹಣ ಅದರಲ್ಲಿದೆ. ಹಜ್ಜ್‌ಗೆಂದು ತಂದೆ ಕೂಡಿಟ್ಟ ಉಳಿತಾಯದ ಕೀಲಿಕೈ ಅದರಲ್ಲಿದೆ. ಮನೆಮಂದಿಯ ಆಧಾರ್, ಪಾಸ್‌ಪೋರ್ಟ್‌ಗಳ ಪ್ರತಿ ಮತ್ತು ಹೆಣ್ಣುಮಕ್ಕಳ ಭಾವಚಿತ್ರಗಳಿವೆ. ರಾತ್ರಿ ಮಲಗುವ ಮುನ್ನ ಮುಂಬಾಗಿಲ ಚಿಲಕವನ್ನು ಎರಡೆರಡು ಬಾರಿ ನೋಡಿ ಬರುವ ಹಿರಿಯರು, ಇವೆಲ್ಲವನ್ನೂ ಹೊತ್ತ ಫೋನಿಗೆ ಒಂದು ಬೀಗವನ್ನೂ ಹಾಕದೆ ಮೇಜಿನ ಮೇಲಿಟ್ಟು ಮಲಗುತ್ತಾರೆ. ಅಮಾನತ್ತಿನ ರಕ್ಷಣೆ ವಿಶ್ವಾಸಿಯ ಗುಣವೆಂದು ನಾವು ಬಲ್ಲೆವು. ಕುಟುಂಬದ ಸೊತ್ತು ಮತ್ತು ಮಾನ ಎರಡೂ ಇರುವ ಈ ಪುಟ್ಟ ಪೆಟ್ಟಿಗೆಯು ಅಮಾನತ್ತಲ್ಲವೇ?

ವಂಚಕರು ಇಂದು ಬೀಗ ಮುರಿದು ಬರುವುದಿಲ್ಲ. ವಾಟ್ಸಾಪ್‌ನಲ್ಲಿ ಒಂದು ಮದುವೆಯ ಕರೆಯೋಲೆ ಬರುತ್ತದೆ. ನಮ್ಮಲ್ಲಿ ಕರೆಯೋಲೆ ಬಂದರೆ ತೆರೆಯದಿರುವವರು ಯಾರು? ಆದರೆ ಅದು ಚಿತ್ರವಲ್ಲ, ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿರುವ ಕಡತ. ಅಂದರೆ ಫೋನಿನಲ್ಲಿ ಹೊಸ ಆ್ಯಪೊಂದನ್ನು ಸ್ಥಾಪಿಸುವ ಕಡತ. ಅದು ನಮ್ಮ ಎಸ್ಸೆಮ್ಮೆಸ್‌ಗಳನ್ನು ಓದಲು ಅನುಮತಿ ಕೇಳುತ್ತದೆ. ನಾವು ಅರಿಯದೆ ಒಪ್ಪಿಗೆಯ ಗುಂಡಿ ಒತ್ತುತ್ತೇವೆ. ಅಲ್ಲಿಂದಾಚೆಗೆ ಬ್ಯಾಂಕಿನಿಂದ ಬರುವ ಒಟಿಪಿಯನ್ನು ನಮಗಿಂತ ಮೊದಲು ವಂಚಕನು ಓದುತ್ತಾನೆ. ಕರೆಂಟ್ ಬಿಲ್, ಬ್ಯಾಂಕಿನ ಕೆವೈಸಿ, ವಾಹನದ ದಂಡ, ಸರಕಾರಿ ಯೋಜನೆ ಎಂದು ಹೆಸರು ಬದಲಾಗಬಹುದು, ವಿಧಾನ ಒಂದೇ. ಆದ್ದರಿಂದ ನಿಯಮವೂ ಒಂದೇ: ಯಾರೇ ಕಳುಹಿಸಿರಲಿ, ವಾಟ್ಸಾಪ್‌ನಲ್ಲಿ ಬಂದ ಆ್ಯಪನ್ನು ಸ್ಥಾಪಿಸಬಾರದು. ಕಳುಹಿಸಿದವರು ಬಂಧುಗಳಾದರೂ ಅವರಿಗೆ ಕರೆ ಮಾಡಿ ಕೇಳಬೇಕು. ಏಕೆಂದರೆ ಅವರ ಫೋನು ಮೊದಲೇ ವಂಚಕರ ವಶವಾಗಿರಬಹುದು. ಹಾಗೆಯೇ, ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ.

ಇನ್ನೊಂದು ವಂಚನೆ ಭಯವನ್ನೇ ಬಂಡವಾಳ ಮಾಡಿಕೊಂಡದ್ದು. ಸಮವಸ್ತ್ರ ಧರಿಸಿದವನೊಬ್ಬ ವೀಡಿಯೊ ಕರೆಯಲ್ಲಿ ಬಂದು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು 'ಡಿಜಿಟಲ್ ಅರೆಸ್ಟ್' ಮಾಡಲಾಗಿದೆ, ಕರೆ ಕಡಿತಗೊಳಿಸಿದರೆ ಜೈಲು ಎನ್ನುತ್ತಾನೆ. ನಮ್ಮ ಕಾನೂನಿನಲ್ಲಿ ಇಂತಹ ಬಂಧನವೇ ಇಲ್ಲ. ಇದನ್ನು 2024ರ ಅಕ್ಟೋಬರ್‌ನಲ್ಲಿ ಸ್ವತಃ ಪ್ರಧಾನಿಯವರೇ ರೇಡಿಯೋ ಭಾಷಣದಲ್ಲಿ ಹೇಳಿದರು. ಆದರೂ ಮುಸ್ಲಿಮ್ ಮನೆಯೊಂದಕ್ಕೆ ಇಂತಹ ಕರೆ ಬಂದಾಗ ಅಲ್ಲಿ ಹುಟ್ಟುವ ನಡುಕಕ್ಕೆ ಬೇರೆಯೇ ಒಂದು ಕಾರಣವಿದೆ. 2002ರ ಅಕ್ಷರಧಾಮ ದಾಳಿ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಆರು ಮಂದಿ ನಿರಪರಾಧಿಗಳೆಂದು ಸುಪ್ರೀಮ್ ಕೋರ್ಟು ತೀರ್ಪಿತ್ತದ್ದು 2014ರಲ್ಲಿ. ಇಂತಹ ಸುದ್ದಿಗಳನ್ನು ಓದುತ್ತಾ ಬಂದ ಸಮುದಾಯದ ಹಿರಿಯರೊಬ್ಬರು, ತಪ್ಪು ಮಾಡದಿದ್ದರೆ ಭಯವೇಕೆ ಎಂಬ ಮಾತನ್ನು ಸುಲಭದಲ್ಲಿ ನಂಬಲಾರರು. ವಂಚಕನಿಗೆ ಬೇಕಾದುದೂ ಈ ಭಯವೇ. ಆದ್ದರಿಂದಲೇ ಮನೆಯ ಹಿರಿಯರಿಗೆ ಮೊದಲೇ ತಿಳಿಸಿಡಬೇಕು: ನಿಜವಾದ ಪೊಲೀಸರು ವೀಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ಹಣ ವರ್ಗಾಯಿಸಲು ಹೇಳುವುದಿಲ್ಲ, ಮನೆಯವರೊಡನೆ ಮಾತಾಡಬಾರದೆಂದು ಆಜ್ಞಾಪಿಸುವುದಿಲ್ಲ. ಇಂತಹ ಕರೆ ಬಂದರೆ ಕಡಿತಗೊಳಿಸಿ ಮಗನನ್ನೋ ಮಗಳನ್ನೋ ನೆರೆಯವರನ್ನೋ ಕರೆಯಬೇಕು.

ಸುದ್ದಿಯೊಂದು ಬಂದಾಗ ಅದನ್ನು ಪರಿಶೀಲಿಸದೆ ಮುಂದುವರಿಯಬಾರದೆಂಬುದು ಸೂರಃ ಅಲ್ ಹುಜುರಾತ್‌ನ ಬೋಧನೆ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವರಿಗೆ ಮೊದಲು ಅದನ್ನು ಕಟ್ಟುವಂತೆ ಪ್ರವಾದಿವರ್ಯರು(ಸ) ತಿಳಿಸಿದ್ದನ್ನು ನಾವು ಮದ್ರಸದಲ್ಲೇ ಕಲಿತಿದ್ದೇವೆ. ಫೋನಿಗೆ ಬೀಗ ಹಾಕುವುದು, ಒಟಿಪಿಯನ್ನು ಯಾರಿಗೂ ಹೇಳದಿರುವುದು, ಕರೆ ಮಾಡಿದವನ ಮಾತನ್ನು ಪರಿಶೀಲಿಸುವುದು ಇಂದಿನ ಒಂಟೆ ಕಟ್ಟುವ ಕೆಲಸಗಳು.

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. 2021ರ ಜುಲೈಯಲ್ಲಿ 'ಸುಲ್ಲಿ ಡೀಲ್ಸ್' ಮತ್ತು 2022ರ ಹೊಸ ವರ್ಷದ ಹೊತ್ತಿಗೆ 'ಬುಲ್ಲಿ ಬಾಯಿ' ಎಂಬ ಹೆಸರಿನಲ್ಲಿ ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಕದ್ದು ಹರಾಜಿಗಿಟ್ಟ ನೀಚ ಕೃತ್ಯವನ್ನು ದೇಶ ಕಂಡಿತು. ಎರಡನೆಯ ಪ್ರಕರಣದಲ್ಲಿ ಬಂಧಿತರಾದವರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಅಂದು ನಮ್ಮ ಕೆಲವು ಮನೆಗಳಲ್ಲಿ ಕಂಡುಕೊಂಡ ಪರಿಹಾರವೆಂದರೆ ಮಗಳ ಕೈಯಿಂದ ಫೋನು ಕಸಿದುಕೊಳ್ಳುವುದು. ಕಳ್ಳನನ್ನು ಬಿಟ್ಟು ಸೊತ್ತು ಕಳೆದುಕೊಂಡವರನ್ನು ಶಿಕ್ಷಿಸುವುದು ಯಾವ ನ್ಯಾಯ? ದ್ವೇಷದ ಈ ಕೃತ್ಯದ ವಿರುದ್ಧ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟವರು ಆ ಮಹಿಳೆಯರೇ ಎಂಬುದನ್ನು ಮರೆಯದಿರೋಣ. ತಂದೆ ಬೈಯುತ್ತಾರೆ, ಕಾಲೇಜು ಬಿಡಿಸುತ್ತಾರೆ ಎಂಬ ಹೆದರಿಕೆಯಿಂದ ಮಗಳು ಬೆದರಿಕೆಯನ್ನು ಬಚ್ಚಿಟ್ಟರೆ ಬ್ಲ್ಯಾಕ್‌ಮೇಲ್ ಮಾಡುವವನ ಕೆಲಸ ಸುಲಭವಾಗುತ್ತದೆ. ಏನೇ ಆದರೂ ಮೊದಲು ನನಗೆ ಹೇಳು, ನಾನು ನಿನ್ನೊಂದಿಗಿದ್ದೇನೆ ಎಂಬ ತಂದೆಯ ಒಂದು ಮಾತು ಯಾವ ಪಾಸ್‌ವರ್ಡ್‌ಗಿಂತಲೂ ದೊಡ್ಡ ರಕ್ಷಣೆ.

ಇನ್ನು ನಮ್ಮನ್ನು ನಾವೇ ಪ್ರಶ್ನಿಸಿಕೊಳ್ಳಬೇಕಾದ ವಿಷಯ. ವಂಚಿಸಿದ ಹಣವನ್ನು ಇಳಿಸಿಕೊಳ್ಳಲು ವಂಚಕರಿಗೆ ಬ್ಯಾಂಕ್ ಖಾತೆಗಳು ಬೇಕು. ಕೆಲಸವಿಲ್ಲದ ಯುವಕರಿಗೆ ಕೆಲವು ಸಾವಿರ ಕಮಿಷನ್ ಕೊಟ್ಟು ಅವರ ಖಾತೆ, ಎಟಿಎಂ ಕಾರ್ಡ್, ಸಿಮ್ ಕಾರ್ಡ್‌ಗಳನ್ನು ಬಾಡಿಗೆಗೆ ಪಡೆಯುತ್ತಾರೆ. ಈ ಬಲೆಗೆ ಎಲ್ಲ ಸಮುದಾಯಗಳ ಯುವಕರೂ ಬೀಳುತ್ತಿದ್ದಾರೆ, ನಮ್ಮವರು ಹೊರತಲ್ಲ. ನಾನೇನೂ ಕದ್ದಿಲ್ಲ, ಖಾತೆ ಕೊಟ್ಟಿದ್ದೇನೆ ಅಷ್ಟೇ ಎಂಬ ಸಬೂಬು ಕಾನೂನಿನ ಮುಂದೆಯೂ ನಿಲ್ಲದು, ಅಲ್ಲಾಹನ ಮುಂದೆಯೂ ನಿಲ್ಲದು. ಯಾರದೋ ವಿಧವೆ ತಾಯಿಯ ಕಣ್ಣೀರಿನಲ್ಲಿ ಆ ಕಮಿಷನ್ ನೆಂದಿರುತ್ತದೆ. ಅದು ಹರಾಮ್ ಎಂದು ಮಿಂಬರ್‌ಗಳಿಂದ ಸ್ಪಷ್ಟ ಮಾತುಗಳಲ್ಲಿ ಹೇಳಬೇಕಾದ ಕಾಲ ಬಂದಿದೆ.

ಕೆಲವು ಸಣ್ಣ ಎಚ್ಚರಗಳನ್ನು ಮನೆಯ ಪದ್ಧತಿಯಾಗಿಸೋಣ. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ಬರೆದಿಡೋಣ. ಫೋನು ಕಳೆದುಹೋದರೆ ಪೊಲೀಸ್ ದೂರಿನೊಂದಿಗೆ ಸಿಇಐಆರ್ ಪೋರ್ಟಲ್‌ನಲ್ಲಿ ಅದನ್ನು ನಿರ್ಬಂಧಿಸಬಹುದು. 2023ರಿಂದ ಈ ಸೌಲಭ್ಯ ದೇಶದಾದ್ಯಂತ ಇದೆ. 2023ರಲ್ಲೇ ಮಂಗಳೂರಿನಲ್ಲಿ, ಆಸ್ತಿ ನೋಂದಣಿ ಮಾಡಿಸಿಕೊಂಡವರ ಖಾತೆಗಳಿಂದ ಒಟಿಪಿಯೂ ಇಲ್ಲದೆ ಬೆರಳಚ್ಚಿನ ಆಧಾರದಲ್ಲಿ ಹಣ ಹೋದ ದೂರುಗಳು ದಾಖಲಾದವು. ಆಧಾರ್‌ನ ಬೆರಳಚ್ಚನ್ನು ಲಾಕ್ ಮಾಡಿಟ್ಟು ಅಗತ್ಯವಿದ್ದಾಗ ಮಾತ್ರ ತೆರೆಯುವ ಅವಕಾಶವಿದೆ, ಬಳಸಿಕೊಳ್ಳೋಣ. ಹಳೆಯ ಫೋನು ಮಾರುವ ಮುನ್ನ ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಖಾತೆಗಳಿಂದ ಹೊರಬಂದು, ಎಲ್ಲವನ್ನೂ ಅಳಿಸುವ ಫ್ಯಾಕ್ಟರಿ ರೀಸೆಟ್ ಮಾಡೋಣ. ದಿಂಬಿನಡಿಯಲ್ಲಿಟ್ಟು ಚಾರ್ಜ್ ಮಾಡಿದರೆ ಬಿಸಿ ಹೊರಹೋಗದೆ ಬ್ಯಾಟರಿ ಕೆಡುತ್ತದೆ, ಬೆಂಕಿಯ ಅಪಾಯವೂ ಇದೆ. ಬ್ಯಾಟರಿ ಉಬ್ಬಿದ್ದರೆ ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜ್ ಮಾಡಬಾರದು. ವುಝೂ ಮಾಡುವಾಗ ಕಿಸೆಯಿಂದ ಹೌಝ್‌ಗೆ ಜಾರಿದ ಫೋನನ್ನು ಕೂಡಲೇ ಆಫ್ ಮಾಡಿ, ಒರೆಸಿ, ಗಾಳಿಯಾಡುವಲ್ಲಿ ಒಣಗಲು ಬಿಡಬೇಕು. ಅಕ್ಕಿಯ ಡಬ್ಬದಲ್ಲಿ ಹೂತಿಟ್ಟರೆ ಅದರ ಸಣ್ಣ ಕಣಗಳು ಫೋನಿನೊಳಗೆ ಹೋಗಿ ಹಾನಿ ಮಾಡಬಹುದು.

ಇಷ್ಟಾದರೂ ಮೋಸ ಹೋಗಬಹುದು. ವಿದ್ಯಾವಂತರೂ ಅಧಿಕಾರಿಗಳೂ ಮೋಸ ಹೋಗಿದ್ದಾರೆ. ಆಗ ಮಾನ ಹೋಗುತ್ತದೆಂದು ಮೌನ ವಹಿಸುವುದು ಎರಡನೆಯ ನಷ್ಟ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗುತ್ತಿರುವಾಗಲೇ 1930 ಸಂಖ್ಯೆಗೆ ಕರೆ ಮಾಡಿದರೆ ಅದನ್ನು ತಡೆಹಿಡಿಯುವ ಸಾಧ್ಯತೆಯಿದೆ. ಪ್ರತಿ ಗಂಟೆ ಕಳೆದಂತೆ ಆ ಸಾಧ್ಯತೆ ಕುಗ್ಗುತ್ತದೆ. ಕರೆಯ ಬಳಿಕ ಬ್ಯಾಂಕಿಗೂ, ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೂ ಲಿಖಿತ ದೂರು ಕೊಡಬೇಕು.

ಹಾಗೆಂದು ಎಲ್ಲ ಹೊಣೆಯನ್ನೂ ಜನಸಾಮಾನ್ಯರ ತಲೆಗೆ ಕಟ್ಟುವುದು ಸರಿಯಲ್ಲ. ಪಿಂಚಣಿ, ವಿದ್ಯಾರ್ಥಿವೇತನ, ಪಡಿತರ ಎಲ್ಲಕ್ಕೂ ಮೊಬೈಲ್ ಸಂಖ್ಯೆ ಕೇಳುವ ಸರಕಾರವು ಅದನ್ನು ಸುರಕ್ಷಿತವಾಗಿ ಬಳಸಲು ಕಲಿಸುವ ಹೊಣೆಯನ್ನೂ ಹೊರಬೇಕು. ಬಾಡಿಗೆ ಖಾತೆಗಳಲ್ಲಿ ಲಕ್ಷಾಂತರ ರೂಪಾಯಿ ಹರಿದಾಡುವಾಗ ಬ್ಯಾಂಕುಗಳು ಕಣ್ಣು ಮುಚ್ಚಿ ಕುಳಿತಿರಬಾರದು. ಠಾಣೆಗೆ ಬಂದ ವೃದ್ಧರಿಗೆ, ಅಷ್ಟೂ ಗೊತ್ತಾಗಲಿಲ್ಲವೇ ಎಂಬ ಗದರಿಕೆಯ ಬದಲು ಕುಳಿತುಕೊಳ್ಳಲು ಕುರ್ಚಿ ಸಿಗಬೇಕು. ಇದನ್ನು ಕೇಳುವುದು ನಾಗರಿಕರಾಗಿ ನಮ್ಮ ಹಕ್ಕು.

ಆದರೆ ಸರಕಾರ ಬರುವ ವರೆಗೆ ಕಾಯಬೇಕಾಗಿಲ್ಲ. ಪ್ರತಿ ಮೊಹಲ್ಲಾದಲ್ಲಿ ಕಂಪ್ಯೂಟರ್ ಕಲಿತ ಯುವಕ ಯುವತಿಯರಿದ್ದಾರೆ. ತಿಂಗಳಿಗೊಂದು ಶುಕ್ರವಾರ ಜುಮಾದ ಬಳಿಕ ಅರ್ಧ ಗಂಟೆ ಪುರುಷರಿಗೆ, ಅದೇ ವಾರ ಮದ್ರಸದ ಕಟ್ಟಡದಲ್ಲಿ ಮಹಿಳೆಯರಿಗೆ ಇದನ್ನು ಕಲಿಸಲು ಜಮಾಅತ್ ಸಮಿತಿಗಳಿಗೆ ಹೆಚ್ಚಿನ ಖರ್ಚೇನೂ ಬಾರದು. ಮಸೀದಿಯ ಫಲಕದ ಕೆಳಗೆ 1930 ಎಂಬ ಸಂಖ್ಯೆಯನ್ನೂ ಬರೆಯೋಣ. ನಮಾಝಿನ ಏಕಾಗ್ರತೆಯನ್ನು ಕಾಪಾಡಲು ನಾವು ತೋರುವ ಕಾಳಜಿಯನ್ನು ನಮಾಝಿಗೆ ಬರುವವರ ಮನೆ ಮತ್ತು ಮಾನವನ್ನು ಕಾಪಾಡಲೂ ತೋರಬೇಕಲ್ಲವೇ?