ಹತ್ತು ದಿನದ ಹಳ್ಳಿ

ಬೇಸಿಗೆ ರಜೆ ಸಮೀಪಿಸಿದಂತೆ ಅಹಮದಾಬಾದ್, ವಡೋದರಾ, ಸೂರತ್ ನಗರಗಳ ನಮ್ಮ ಕನ್ನಡ ಮನೆಗಳಲ್ಲಿ ಈಚೆಗೆ ಒಂದು ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಮಗಳು ಹತ್ತು ದಿನದ ಮಟ್ಟಿಗೆ ಆದಿವಾಸಿ ಹಳ್ಳಿಗೆ ಹೋಗುತ್ತಾಳೆ; ಆರೋಗ್ಯ ಶಿಬಿರದಲ್ಲಿ ಸ್ವಯಂಸೇವೆ; ಒಳ್ಳೆಯ ಅನುಭವ; ಹೊರದೇಶದ ಕಾಲೇಜಿನ ಅರ್ಜಿಗೂ ಅನುಕೂಲ. ಕೊನೆಯ ಮಾತನ್ನು ತುಸು ದನಿ ತಗ್ಗಿಸಿ ಹೇಳುವುದುಂಟು. ಹಾಗೆ ದನಿ ತಗ್ಗುವುದೇಕೆ ಎಂಬುದನ್ನು ಯಾರಾದರೂ ಕೇಳಬೇಕಾಗಿದೆ.

ಮಕ್ಕಳ ಸದುದ್ದೇಶದಲ್ಲಿ ನಮಗೆ ಸಂಶಯವಿಲ್ಲ. ನಮ್ಮ ತಕರಾರು ಇರುವುದು ‘ಅನುಭವ’ ಎಂಬ ಪದದ ಮೇಲೆ. ರಕ್ತಹೀನತೆ, ಕುಡಿಯುವ ನೀರಿನ ಕೊರತೆ, ದೂರದ ಹೆರಿಗೆ ಆಸ್ಪತ್ರೆ ಇವೆಲ್ಲ ಇನ್ನೊಬ್ಬರ ಬದುಕು. ಅಲ್ಲಿಂದ ಅನುಭವವನ್ನು ಕೊಂಡೊಯ್ದವರು ಪ್ರತಿಯಾಗಿ ಏನು ಕೊಟ್ಟರೆಂದು ಕೇಳುವ ಹಕ್ಕು ಆ ಊರಿಗಿದೆ. ಕಬ್ಬಿಣಾಂಶದ ಮಾತ್ರೆ ಹಂಚಿದೆವು ಎಂದರೆ ಸಾಲದು. ಅದೇ ಮಾತ್ರೆಯನ್ನು ಅಲ್ಲಿನ ಆಶಾ ಕಾರ್ಯಕರ್ತೆ ವರ್ಷವಿಡೀ ಹಂಚುತ್ತಿರುತ್ತಾಳೆ, ಯಾರೂ ಆಕೆಯ ಫೋಟೊ ತೆಗೆಯುವುದಿಲ್ಲ.

ಮೊದಲನೆಯ ಅಡ್ಡಿ ಭಾಷೆಯದು. ಛೋಟಾ ಉದೇಪುರದ ರಾಠವಾ ಮುದುಕಿ ತನ್ನ ನೋವನ್ನು ರಾಠವಿಯಲ್ಲಿ ಹೇಳುತ್ತಾಳೆ. ಪುಸ್ತಕದ ಗುಜರಾತಿ ಆಕೆಗೂ ಪರಭಾಷೆಯೇ. ನಮ್ಮ ಮಕ್ಕಳದೋ ಶಾಲೆಯ ಇಂಗ್ಲಿಷು, ಓಣಿಯ ಹಿಂದಿ, ಮನೆಯ ಅರೆಬರೆ ಕನ್ನಡ. ಹೊರನಾಡಿನ ಕನ್ನಡಿಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕೆ? ಊರಿನಿಂದ ಬಂದ ಅಜ್ಜಿಯನ್ನು ಇಲ್ಲಿನ ವೈದ್ಯರ ಮುಂದೆ ಕೂರಿಸಿದಾಗ ‘ಎದೆಯಲ್ಲಿ ಸಂಕಟ’, ‘ಹೊಟ್ಟೆ ತೊಳಸುತ್ತದೆ’, ‘ಕಾಲು ಜೋಮು ಹಿಡಿದಿದೆ’ ಎಂಬ ಮಾತುಗಳನ್ನು ಗುಜರಾತಿಗೆ ತರುವಷ್ಟರಲ್ಲಿ ಅರ್ಧ ರೋಗ ದಾರಿಯಲ್ಲೇ ಉದುರಿಹೋಗಿರುತ್ತದೆ. ಈ ಕಷ್ಟ ಬಲ್ಲ ನಾವೇ ನಮ್ಮ ಮಕ್ಕಳನ್ನು ಮೂಕರನ್ನಾಗಿ ಅಲ್ಲಿಗೆ ಕಳಿಸುತ್ತಿದ್ದೇವೆ.

ಎರಡನೆಯದು ಕಾಲ. ರೋಗಿಯನ್ನು ಕಂಡ ವೈದ್ಯನು ‘ನಿನ್ನ ಕಸುಬೇನು?’ ಎಂದೂ ಕೇಳಬೇಕೆಂದು ಇಟಲಿಯ ರಮಾಜಿನಿ 1700ರಲ್ಲೇ ಬರೆದಿದ್ದ. ಈ ಒಂದು ಪ್ರಶ್ನೆಯ ಬೆಲೆ ಎಷ್ಟೆಂಬುದಕ್ಕೆ ನಮ್ಮ ನೆರೆಯಲ್ಲೇ ಸಾಕ್ಷಿಯಿದೆ. ಛೋಟಾ ಉದೇಪುರ, ದಾಹೋದ್‌ಗಳಿಗೆ ಅಂಟಿಕೊಂಡ ಮಧ್ಯಪ್ರದೇಶದ ಅಲಿರಾಜಪುರ, ಝಾಬುವಾ ಜಿಲ್ಲೆಗಳ ಆದಿವಾಸಿಗಳು ಗೋಧ್ರಾ, ಬಾಲಾಸಿನೋರ್ ಕಡೆಯ ಬೆಣಚುಕಲ್ಲು ಪುಡಿಮಾಡುವ ಕಾರ್ಖಾನೆಗಳಿಗೆ ಕೂಲಿಗೆ ಬಂದರು. ಆ ಧೂಳು ಶ್ವಾಸಕೋಶದಲ್ಲಿ ಕೂತಿತು. ಸಿಲಿಕೋಸಿಸ್ ಎಂಬ ಆ ಕಾಯಿಲೆ ವಾಸಿಯಾಗುವಂಥದಲ್ಲ. ಕೆಮ್ಮು, ಉಬ್ಬಸ, ಸವೆದ ಮೈ ಕಂಡವರು ಅದನ್ನು ಕ್ಷಯವೆಂದು ಭಾವಿಸುವುದು ಸುಲಭ. ಆ ಭಾಗದಲ್ಲೇ ಬೇರುಬಿಟ್ಟ ಸಂಘಟನೆಗಳು ಊರೂರು ತಿರುಗಿ ಸಮೀಕ್ಷೆ ಮಾಡಿದ್ದರಿಂದ ವಿಷಯ ಬಯಲಿಗೆ ಬಂತು. ಸತ್ತ 238 ಜನರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರಲ್ಲಿ ಗುಜರಾತ್ ಸರ್ಕಾರಕ್ಕೆ ಶಿಫಾರಸು ಮಾಡಿತು. ಕೊನೆಗೆ 2016ರಲ್ಲಿ ಸುಪ್ರೀಂ ಕೋರ್ಟೇ ಆದೇಶಿಸಬೇಕಾಯಿತು. ಹತ್ತು ದಿನದ ಶಿಬಿರದಲ್ಲಿ ಇಂಥ ಕೆಮ್ಮಿಗೆ ಸಿಗುವುದು ಒಂದು ಶೀಷೆ ಸಿರಪ್ಪು.

ಹಾಗಾದರೆ ವಿದ್ಯಾರ್ಥಿಗಳು ಹೋಗಲೇಬಾರದೆ, ಒಮ್ಮೆ ಕಂಡದ್ದರಿಂದ ಬಾಳೇ ತಿರುಗಿದವರಿಲ್ಲವೆ ಎಂದು ಕೇಳುವವರಿದ್ದಾರೆ. ಇದ್ದಾರೆ, ಅಲ್ಲಗಳೆಯಲಾರೆವು. 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದ ಡಾ. ಆರ್. ಬಾಲಸುಬ್ರಹ್ಮಣ್ಯಂ ಆಗ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿ. ಆದರೆ ಅವರೂ ಗೆಳೆಯರೂ ಹೆಗ್ಗಡದೇವನಕೋಟೆಯ ಜೇನುಕುರುಬರ, ಕಾಡುಕುರುಬರ ನಡುವೆ ಉಳಿದರು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಜತೆ ಡಾ. ಎಚ್. ಸುದರ್ಶನ್ ಉಳಿದರು. ಗುಜರಾತಿನಲ್ಲೇ, ವಡೋದರಾಕ್ಕೂ ಸೂರತ್ತಿಗೂ ನಡುವಿನ ಝಗಡಿಯಾದಲ್ಲಿ, ಅನಿಲ್ ಮತ್ತು ಲತಾ ದೇಸಾಯಿ ದಂಪತಿ 1980ರಲ್ಲಿ ಸೇವಾ ರೂರಲ್ ಆರಂಭಿಸಿ ಉಳಿದರು. ಇಂಗ್ಲಿಷ್ ಎಂ.ಎ. ಮಾಡಿದ ನಮ್ಮಂಥವರು ನೆನೆಯಬೇಕಾದ ಇನ್ನೊಬ್ಬರು ಗಣೇಶ ದೇವಿ. ವಡೋದರಾದ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕಗಿರಿ ಬಿಟ್ಟು ತೇಜಗಢದಲ್ಲಿ ಆದಿವಾಸಿ ಅಕಾಡೆಮಿ ಕಟ್ಟಿದವರು, 2016ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದವರು. ಇವರಾರೂ ಪ್ರಮಾಣಪತ್ರ ಹಿಡಿದು ಮನೆಗೆ ಮರಳಲಿಲ್ಲ.

ಎಲ್ಲರೂ ಜೀವಮಾನ ಮುಡಿಪಿಡಬೇಕೆಂಬ ಹಟ ನಮ್ಮದಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗುವ ಕೇಂದ್ರ ಸರ್ಕಾರಿ ನೌಕರರು ನಾವು. ಹೊಸ ಊರಿನ ತರಕಾರಿಯವಳು ನಮ್ಮನ್ನು ನಂಬಿ ಸಾಲ ಕೊಡುವುದಕ್ಕೇ ಒಂದು ವರ್ಷ ಹಿಡಿಯುತ್ತದೆಂದು ಬಲ್ಲೆವು. 1969ರಲ್ಲಿ ಹುಟ್ಟಿದ ರಾಷ್ಟ್ರೀಯ ಸೇವಾ ಯೋಜನೆ ಕೂಡ ಏಳು ದಿನದ ಶಿಬಿರವೊಂದರಿಂದ ತೃಪ್ತವಾಗದೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಕೇಳುತ್ತದೆ. ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವೇ ಮನೆಗಳಿಗೆ ಮತ್ತೆ ಮತ್ತೆ ಹೋಗಬೇಕೆಂಬ ಕ್ರಮ 2022ರಲ್ಲಿ ಬಂದಿದೆ. ಕಾಗದದ ಮೇಲಿನದು ಎಷ್ಟು ನಡೆಯುತ್ತದೋ, ಆ ಮಾತು ಬೇರೆ. ಅದೇ ಮನೆ, ಮತ್ತೆ ಮತ್ತೆ ಎಂಬ ವಿವೇಕವಾದರೂ ಅದರಲ್ಲಿದೆ.

ನಮ್ಮ ಮೂರು ನಗರಗಳ ಕನ್ನಡ ಬಳಗಗಳು ಮಕ್ಕಳನ್ನು ಕಳಿಸುವುದಾದರೆ ನೂರು ಕಿಲೋಮೀಟರ್ ಆಚೆ ಕಾರು ಓಡಿಸುವ ಮೊದಲು ಪಕ್ಕದ ಕಟ್ಟಡದ ಕೆಲಸ ನಡೆಯುವಲ್ಲಿಗೆ ಕಳಿಸಲಿ. ದಾಹೋದ್, ಛೋಟಾ ಉದೇಪುರದ ಹಳ್ಳಿಗಳು ಅಲ್ಲಿ ತಗಡಿನ ಕೆಳಗೆ ವಾಸವಾಗಿವೆ. ನಮ್ಮ ಅಪಾರ್ಟ್‌ಮೆಂಟ್ ಕಟ್ಟುತ್ತಿರುವವರು ಅವರೇ. ಹೋಳಿಗೆಂದು ಊರಿಗೆ ಹೋಗಿ ಬರುವ ಗಡಿಬಿಡಿಯಲ್ಲಿ ಕೂಸಿನ ಒಂದು ಚುಚ್ಚುಮದ್ದು ತಪ್ಪುತ್ತದೆ, ಮಮತಾ ಕಾರ್ಡು ಯಾವುದೋ ಗಂಟಿನಲ್ಲಿ ಕಳೆದುಹೋಗುತ್ತದೆ. ಒಬ್ಬ ವಿದ್ಯಾರ್ಥಿ ಹತ್ತು ಕೂಸುಗಳ ಹೆಸರು ಬರೆದುಕೊಂಡು, ಆ ಬಡಾವಣೆಯ ನರ್ಸಮ್ಮನ ಕೈಕೆಳಗೆ, ಎರಡು ವರ್ಷ ಅವರ ಹಿಂದೆ ಬೀಳಲಿ. ತಾಯಂದಿರ ಮಾತನ್ನು ಅವರಿಂದಲೇ ಕಲಿಯಲಿ. ಪ್ರಮಾಣಪತ್ರವಿಲ್ಲ, ಫೋಟೊ ಇಲ್ಲ ಎಂದು ಮೊದಲೇ ತಿಳಿಸಿ ಹೆಸರು ಕೇಳೋಣ. ಎಷ್ಟು ಮನೆಗಳಿಂದ ಬರುತ್ತವೋ ನೋಡೋಣ.